ಸೆಕೆಯ ಊರಿನಲ್ಲಿ ಮೇಕಪ್: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ಮಂಜೇಶ್ವರದಿಂದ ಹೊಸದುರ್ಗದವರೆಗೆ ಹಾಲ್‌ಗಳೆಲ್ಲ ಭರ್ತಿ. ಮದುವೆ, ಉಪನಯನ, ಗೃಹಪ್ರವೇಶ ಎಲ್ಲವೂ ಸೆಕೆಯ ನಡುವೆಯೇ. ಮದುಮಗಳಿಂದ ಹಿಡಿದು ಅವಳ ಸೋದರತ್ತೆಯವರೆಗೆ ಎಲ್ಲರೂ ಮೇಕಪ್ ಮಾಡುವ ನನ್ನ ಹತ್ತಿರ ಕೇಳುವುದು ಒಂದೇ: "ಅಕ್ಕಾ, ಇದು ನಿಲ್ಲುತ್ತದಾ?" ಆ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂದಾಗ ನಾನು ಹೇಳುವ ಉತ್ತರಗಳು ಇಲ್ಲಿವೆ.

ಬೆಂಗಳೂರಿನಲ್ಲಿ ಸಂಜೆವರೆಗೆ ನಿಲ್ಲುವ ಮೇಕಪ್ ಕುಂಬಳೆಯಲ್ಲಿ ಹನ್ನೊಂದು ಗಂಟೆಗೇ ಯಾಕೆ ಇಳಿಯುತ್ತದೆ?

ಬಿಸಿಲಿಗಿಂತ ಗಾಳಿಯ ತೇವದ್ದೇ ಕೆಲಸ ಇದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಬೇಸಗೆಯ ಗಾಳಿ ಒಣ. ಬೆವರು ಬಂದ ಹಾಗೆಯೇ ಆರಿಹೋಗುತ್ತದೆ. ನಮ್ಮಲ್ಲಿ ಗಾಳಿಯಲ್ಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರಲು ಜಾಗವೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೈ ತಣಿಯದಿದ್ದರೆ ಇನ್ನಷ್ಟು ಬೆವರು. ಮನುಷ್ಯನ ಮೈಯಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ, ಹಣೆ ಮತ್ತು ಮುಖದಲ್ಲಿ ಅವು ಒತ್ತೊತ್ತಾಗಿವೆ.

ಇದರ ಜೊತೆಗೆ ಚರ್ಮದ ಜಿಡ್ಡು. ಬೆವರು ಮತ್ತು ಜಿಡ್ಡು ಎರಡೂ ಬೇರೆ ಬೇರೆ. ಬೆವರು ಕೆಳಗಿನಿಂದ ಬಂದು ಮೇಕಪ್ಪನ್ನು ಎಬ್ಬಿಸುತ್ತದೆ. ಜಿಡ್ಡು ಅದರೊಳಗೆ ಸೇರಿಕೊಂಡು ಮೆತ್ತಗೆ ಮಾಡಿ ಜಾರಿಸುತ್ತದೆ. ಬೆವರನ್ನು ನಿಲ್ಲಿಸಲು ನಿಮ್ಮಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ. ದಪ್ಪಗೆ ಬಳಿದರೆ ಅದು ಮೇಕಪ್ಪನ್ನು ಹೊತ್ತುಕೊಂಡೇ ಹೊರಬರುತ್ತದೆ. ತೆಳ್ಳಗಿದ್ದರೆ ಎಡೆಯಿಂದ ಹನಿಯಾಗಿ ಮೇಲೆ ಬರುತ್ತದೆ, ಆ ಹನಿಯನ್ನು ಟಿಶ್ಯೂನಿಂದ ಒತ್ತಿ ತೆಗೆದರೆ ಬಣ್ಣ ಅಲ್ಲೇ ಉಳಿಯುತ್ತದೆ. ಮುಂದೆ ನಾನು ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಸ್ನಾನ ಮಾಡಿ ಬಂದ ಕೂಡಲೇ ಶುರು ಮಾಡಬಹುದಾ?

ಬೇಡ. ಬಚ್ಚಲಿನ ಹಂಡೆಯ ಬಿಸಿನೀರು ಮೈಗೆ ಹೊಯ್ದುಕೊಂಡು ಬಂದವರು ಮುಂದಿನ ಅರ್ಧ ಗಂಟೆ ಬೆವರುತ್ತಲೇ ಇರುತ್ತಾರೆ. ತಣ್ಣೀರಿನ ಸ್ನಾನ ಒಳ್ಳೆಯದು. ಹೇಗೂ ಬಿಸಿನೀರೇ ಬೇಕು ಎನ್ನುವವರು ಮುಕ್ಕಾಲು ಗಂಟೆ ಮೊದಲೇ ಸ್ನಾನ ಮುಗಿಸಿ ಫ್ಯಾನಿನ ಕೆಳಗೆ ಕೂತುಕೊಳ್ಳಿ. ತಲೆಕೂದಲು ಪೂರ್ತಿ ಒಣಗಿರಬೇಕು. ಒದ್ದೆ ಕೂದಲಿನ ಬುಡದಿಂದ ಇಳಿಯುವ ನೀರು ಹಣೆಯ ಮೇಕಪ್ಪನ್ನು ಮೊದಲು ಹಾಳು ಮಾಡುತ್ತದೆ.

ಮುಖಕ್ಕೆ ಮಂಜುಗಡ್ಡೆ ಇಡುವ ಪದ್ಧತಿ ಈಗ ಜೋರಾಗಿದೆ. ತೆಳ್ಳಗಿನ ಬಟ್ಟೆಯಲ್ಲಿ ಸುತ್ತಿ ಒಂದೆರಡು ನಿಮಿಷ ಆಡಿಸಿದರೆ ಚರ್ಮ ತಣಿಯುತ್ತದೆ, ಊದಿದ ಕಣ್ಣು ಸ್ವಲ್ಪ ಇಳಿಯುತ್ತದೆ. ಅಷ್ಟಕ್ಕೆ ಸರಿ. ರಂಧ್ರಗಳು ಮುಚ್ಚಿಕೊಳ್ಳುತ್ತವೆ ಎನ್ನುವುದು ಸುಮ್ನೆ ಮಾತು, ಅವುಗಳಿಗೆ ತೆರೆದು ಮುಚ್ಚುವ ಸ್ನಾಯುವೇ ಇಲ್ಲ. ಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಿ ಹಿಡಿಯಬೇಡಿ, ಸುಡುತ್ತದೆ.

ಇನ್ನು ತೆಂಗಿನೆಣ್ಣೆ. ನಮ್ಮ ಮನೆಗಳಲ್ಲಿ ಅದು ಎಲ್ಲದಕ್ಕೂ ಮದ್ದು, ಗೊತ್ತು. ಆದರೆ ಮೇಕಪ್ಪಿನ ದಿನ ಬೆಳಿಗ್ಗೆ ಮುಖಕ್ಕೆ ಎಣ್ಣೆ ತಾಗಿಸಲೇಬೇಡಿ. ರಾತ್ರಿ ಮೇಕಪ್ ತೆಗೆಯಲು ಬಳಸುವ ವಸ್ತುವನ್ನೇ ಬೆಳಿಗ್ಗೆ ಅಡಿಗೆ ಹಚ್ಚಿದರೆ ಏನಾಗಬೇಕು ಹೇಳಿ? ತಲೆಗೆ ಎಣ್ಣೆ ಹಾಕುವುದಿದ್ದರೂ ಹಿಂದಿನ ದಿನವೇ ಹಾಕಿ ತೊಳೆದುಬಿಡಿ.

ಪಟಿಕ ಉಜ್ಜಿದರೆ ಬೆವರು ಬರುವುದಿಲ್ಲ ಎನ್ನುತ್ತಾರೆ, ನಿಜವಾ?

ಪಟಿಕ ಚರ್ಮವನ್ನು ಸ್ವಲ್ಪ ಹೊತ್ತು ಬಿಗಿಗೊಳಿಸುತ್ತದೆ. ಮುಖದ ಬೆವರನ್ನು ನಿಲ್ಲಿಸುವಷ್ಟು ಬಲ ಅದಕ್ಕಿಲ್ಲ. ಮೇಲಾಗಿ ಉರಿ, ಒಣಗುವುದು ಬೇರೆ. ಕಂಕುಳಿಗೆ ಹಾಕುವ ಬೆವರು ತಡೆಯುವ ರೋಲ್‌-ಆನ್ ಅನ್ನು ಹಣೆಗೆ ಹಚ್ಚುವವರೂ ಇದ್ದಾರೆ. ಅದರಲ್ಲಿರುವ ಅಲ್ಯುಮಿನಿಯಂ ಲವಣ ಕೆಲಸ ಮಾಡುತ್ತದೆ, ಆದರೆ ಮುಖದ ಚರ್ಮಕ್ಕಾಗಿ ಅದನ್ನು ತಯಾರಿಸಿಲ್ಲ, ಕಣ್ಣಿಗೆ ಇಳಿದರೆ ಕಷ್ಟ. ನಾನು ಯಾರಿಗೂ ಹಚ್ಚುವುದಿಲ್ಲ. ಮುಖ ತುಂಬ ಬೆವರುವ ತೊಂದರೆ ವರ್ಷವಿಡೀ ಇದ್ದರೆ ಚರ್ಮದ ಡಾಕ್ಟರನ್ನು ನೋಡಿ.

ಸನ್‌ಸ್ಕ್ರೀನ್ ಮೇಲೆ ಪ್ರೈಮರ್ (ಮೇಕಪ್ ನಿಲ್ಲಲು ಅಡಿಗೆ ಹಚ್ಚುವ ಕ್ರೀಮು) ಹಚ್ಚಿದರೆ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ಯಾಕೆ?

ಎರಡು ಕಾರಣ. ಒಂದು, ನೀವು ಕಾಯಲಿಲ್ಲ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಹತ್ತು ಹದಿನೈದು ನಿಮಿಷ ಬಿಡಬೇಕು. ನಮ್ಮ ಹವೆಯಲ್ಲಿ ಅದು ಒಣಗಲು ಒಣ ಊರಿಗಿಂತ ಜಾಸ್ತಿ ಹೊತ್ತು ಬೇಕು. ಮುಟ್ಟಿದರೆ ಅಂಟುತ್ತಿದೆ ಎಂದರೆ ಇನ್ನೂ ಆಗಿಲ್ಲ ಎಂದೇ ಅರ್ಥ.

ಎರಡು, ಒಂದಕ್ಕೊಂದು ಹೊಂದದ ಜಾತಿ. ಕೆಲವು ಕ್ರೀಮುಗಳು ನೀರಿನ ತಳದವು, ಕೆಲವು ಸಿಲಿಕೋನ್ ತಳದವು. ಡಬ್ಬಿಯ ಹಿಂದೆ ಬರೆದಿರುವ ಪಟ್ಟಿಯ ಮೊದಲ ನಾಲ್ಕೈದು ಹೆಸರು ಓದಿ. 'ಮೆಥಿಕೋನ್', 'ಸಿಲೋಕ್ಸೇನ್' ಎಂದು ಕೊನೆಯಾಗುವ ಹೆಸರು ಅಲ್ಲಿದ್ದರೆ ಅದು ಸಿಲಿಕೋನ್ ಕಡೆಯದು. ಮೊದಲ ಹೆಸರು ನೀರು ಎಂದಿದ್ದರೂ ಎರಡನೆಯದು ಸಿಲಿಕೋನ್ ಆಗಿರಬಹುದು, ಆದ್ದರಿಂದ ಒಂದೇ ಹೆಸರು ಓದಿ ನಿಲ್ಲಿಸಬೇಡಿ. ಪ್ರೈಮರ್ ಮತ್ತು ಫೌಂಡೇಶನ್ ಒಂದೇ ಜಾತಿಯದಾದರೆ ಚೆನ್ನಾಗಿ ಕೂರುತ್ತದೆ. ಉಜ್ಜಬೇಡಿ, ಬೆರಳಿನಿಂದ ತಟ್ಟಿ.

ನನ್ನ ಅಭಿಪ್ರಾಯ ಕೇಳಿದರೆ, ಮ್ಯಾಟ್ ಆಗಿ, ಅಂದರೆ ಹೊಳಪಿಲ್ಲದೆ ಒಣಗುವ ಒಳ್ಳೆಯ ಸನ್‌ಸ್ಕ್ರೀನ್ ಇದ್ದರೆ ದಿನನಿತ್ಯಕ್ಕೆ ಪ್ರೈಮರೇ ಬೇಡ. ಬೇಕೇ ಬೇಕೆಂದರೆ ಪ್ರೈಮರನ್ನು ಮೂಗಿನ ಪಕ್ಕ, ಹಣೆಯ ಮಧ್ಯ, ಗದ್ದ ಇಷ್ಟಕ್ಕೆ ಮಾತ್ರ ಹಚ್ಚಿದರೆ ಸಾಕು.

ಮೋಡ ಇದ್ದ ದಿನವೂ ಸನ್‌ಸ್ಕ್ರೀನ್ ಬೇಕಾ?

ಬೇಕು. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ತೋರಿಸುವ ಅಂಕ) 30 ಇರುವುದು ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇಕಡಾ 97ನ್ನು ತಡೆಯುತ್ತದೆ, 50 ಇರುವುದು ಸುಮಾರು 98ನ್ನು. ಆದ್ದರಿಂದ ದೊಡ್ಡ ಸಂಖ್ಯೆಯ ಹಿಂದೆ ಓಡುವ ಬದಲು ಸಾಕಷ್ಟು ಹಚ್ಚಿ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನ ಉದ್ದದಷ್ಟು. ಒಂದು ಎಚ್ಚರಿಕೆ ಇದೆ: ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ದಪ್ಪಗೆ ಹಚ್ಚಿದರೆ ಫ್ಲ್ಯಾಶ್ ಫೋಟೋದಲ್ಲಿ ಮುಖ ಬೂದಿ ಬಳಿದಂತೆ ಬರಬಹುದು. ರಾತ್ರಿಯ ಆರತಕ್ಷತೆಗೆ ಅದನ್ನು ಬಿಟ್ಟುಬಿಡಿ, ರಾತ್ರಿ ಬಿಸಿಲು ಎಲ್ಲಿದೆ?

ಫೌಂಡೇಶನ್ ಎಷ್ಟು ಹಚ್ಚಬೇಕು? ಎರಡು ಗಂಟೆಯಲ್ಲಿ ಕಪ್ಪಾಗುತ್ತದಲ್ಲ?

ಒಂದು ಸಣ್ಣ ಬಟಾಣಿಯಷ್ಟು ತೆಗೆದುಕೊಂಡು ಮುಖದ ಮಧ್ಯದಿಂದ ಹೊರಗೆ ಹರಡಿ. ಕಲೆ ಇರುವಲ್ಲಿ ಮಾತ್ರ ಕನ್ಸೀಲರ್. ಇಡೀ ಮುಖಕ್ಕೆ ಕನ್ಸೀಲರ್ ಬಳಿಯುವ ವಿಡಿಯೊಗಳು ಎಸಿ ಕೋಣೆಯಲ್ಲಿ, ಐದು ನಿಮಿಷದ ಫೋಟೋಕ್ಕಾಗಿ ಮಾಡಿದವು. ಒದ್ದೆ ಸ್ಪಂಜನ್ನು ಚೆನ್ನಾಗಿ ಹಿಂಡಿ ಬಳಸಿ. ನೀರು ಉಳಿದರೆ ಅದೇ ನೀರು ಅಡಿಗೆ ಸೇರಿಕೊಳ್ಳುತ್ತದೆ.

ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಬರೆದಿರುವ ಫೌಂಡೇಶನ್‌ಗಳಲ್ಲಿ ಬೇಗ ಆವಿಯಾಗುವ ದ್ರವ ಮತ್ತು ಪೊರೆ ಕಟ್ಟುವ ಅಂಶ ಇರುತ್ತವೆ. ದ್ರವ ಹಾರಿಹೋದ ಮೇಲೆ ಬಣ್ಣ ಪೊರೆಯೊಳಗೆ ಸಿಕ್ಕಿ ಕೂರುತ್ತದೆ. ಹಾಗಾಗಿ ಒಂದೊಂದೇ ಭಾಗಕ್ಕೆ ಹಚ್ಚಿ ಬೇಗ ಹರಡಿ. ಕೂತ ಮೇಲೆ ಮತ್ತೆ ಮುಟ್ಟಬೇಡಿ, ಪೊರೆ ಒಡೆದರೆ ತೇಪೆ ತೇಪೆಯಾಗಿ ಕಾಣುತ್ತದೆ.

ಬಣ್ಣ ಗಾಢವಾಗುವುದು ನಿಜ. ಜಿಡ್ಡು ಸೇರಿದಾಗ ಹೀಗಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಕೈಯ ಹಿಂಭಾಗಕ್ಕೆ ಹಚ್ಚಿ ನೋಡಿ ಕೊಳ್ಳುವುದರಿಂದ ಪ್ರಯೋಜನ ಇಲ್ಲ. ದವಡೆಯ ಹತ್ತಿರ ಹಚ್ಚಿ, ಅಂಗಡಿಯಿಂದ ಹೊರಗೆ ಬಂದು, ಒಂದು ಚಾ ಕುಡಿದು, ಹಗಲು ಬೆಳಕಿನಲ್ಲಿ ನೋಡಿ. ಆಗ ಕಾಣುವುದೇ ಅದರ ನಿಜವಾದ ಬಣ್ಣ.

ಮೈಗೆ ಹಾಕುವ ಪೌಡರನ್ನೇ ಮೇಕಪ್ ಮೇಲೆ ಹಾಕಿದರೆ ಆಗುವುದಿಲ್ಲವಾ?

ಅಜ್ಜಿಯ ಕಾಲದಿಂದ ಹಾಕುತ್ತಲೇ ಬಂದಿದ್ದೇವೆ, ಅಲ್ವಾ? ತುರ್ತಿಗೆ ಆಗುತ್ತದೆ. ಅದು ಮುಖ್ಯವಾಗಿ ಟಾಲ್ಕ್, ಒಂದಷ್ಟು ಜಿಡ್ಡು ಹೀರುತ್ತದೆ. ಆದರೆ ಬಿಳಿ ಬಣ್ಣ ಬೆವರಿಗೆ ಸಿಕ್ಕಿ ಗೆರೆಗೆರೆಯಾಗುತ್ತದೆ, ಸುವಾಸನೆಯ ಅಂಶ ಕೆಲವರ ಮುಖಕ್ಕೆ ಆಗುವುದಿಲ್ಲ. ಬಣ್ಣವಿಲ್ಲದ ಸೆಟ್ಟಿಂಗ್ ಪೌಡರ್ ಇದಕ್ಕಿಂತ ನುಣ್ಣಗೆ ಇರುತ್ತದೆ. ಪಫ್‌ನಲ್ಲಿ ತೆಗೆದುಕೊಂಡು, ಕೈಗೆ ಕೊಡವಿ, ಒತ್ತಿ ಒತ್ತಿ ಕೂರಿಸಿ.

ಬೇಕಿಂಗ್ ಬಗ್ಗೆ ಕೇಳುತ್ತೀರಿ. ಕಣ್ಣಿನ ಕೆಳಗೆ ರಾಶಿ ಪೌಡರ್ ಸುರಿದು ಹತ್ತು ನಿಮಿಷ ಬಿಡುವುದು. ನಮ್ಮ ಊರಿಗೆ ಅದು ಬೇಡವೇ ಬೇಡ. ಅಷ್ಟು ಪೌಡರಿಗೆ ಬೆವರು ಸೇರಿದರೆ ಕಣ್ಣಿನ ಕೆಳಗೆ ದೋಸೆ ಹಿಟ್ಟಿನಂತೆ ಕೂರುತ್ತದೆ.

ಸೆಟ್ಟಿಂಗ್ ಸ್ಪ್ರೇ ಬದಲು ರೋಸ್ ವಾಟರ್ ಸಿಂಪಡಿಸಿದರೆ?

ತಂಪಾಗುತ್ತದೆ, ಪೌಡರಿನ ಒಣ ಕಳೆ ಹೋಗುತ್ತದೆ. ಹಿಡಿದು ನಿಲ್ಲಿಸುವುದಿಲ್ಲ. ಸೆಟ್ಟಿಂಗ್ ಸ್ಪ್ರೇಯಲ್ಲಿ ಪೊರೆ ಕಟ್ಟುವ ಪಾಲಿಮರ್ ಇರುತ್ತದೆ, ರೋಸ್ ವಾಟರಿನಲ್ಲಿ ಅದಿಲ್ಲ. ಸ್ಪ್ರೇಗೆ ದುಡ್ಡು ಹಾಕುವುದಿದ್ದರೆ ಒಮ್ಮೆ ಫೌಂಡೇಶನ್ ಆದ ಮೇಲೆ, ಇನ್ನೊಮ್ಮೆ ಎಲ್ಲ ಮುಗಿದ ಮೇಲೆ ಸಿಂಪಡಿಸಿ. ಒಂದು ಅಡಿ ದೂರದಿಂದ. ಪೂರ್ತಿ ಆರುವವರೆಗೆ ನಗಬೇಡಿ, ಮಾತಾಡಬೇಡಿ. ಮದುವೆ ಮನೆಯಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಯಕ್ಷಗಾನದವರ ಬಣ್ಣ ರಾತ್ರಿಯಿಡೀ ಕುಣಿದರೂ ಹಾಗೇ ಇರುತ್ತದಲ್ಲ! ಅವರ ಗುಟ್ಟೇನು?

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಸುತ್ತಮುತ್ತಲಿನವರು ಇದನ್ನು ಕೇಳದೆ ಇರುವುದೇ ಇಲ್ಲ. ಒಳ್ಳೆಯ ಪ್ರಶ್ನೆ, ಯಾಕೆಂದರೆ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಅದು ತದ್ವಿರುದ್ಧವಾಗಿ ಕಾಣುತ್ತದೆ. ತೆಂಕುತಿಟ್ಟಿನ (ನಮ್ಮ ಕಡೆಯ ಯಕ್ಷಗಾನ ಶೈಲಿ) ಕಲಾವಿದರು ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ ಕೂತು ಬಣ್ಣದ ಹುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ದಪ್ಪಗೆ ಹಚ್ಚುತ್ತಾರೆ. ಅದರ ಮೇಲೆ ಪೌಡರ್ ತಟ್ಟುತ್ತಾರೆ. ರಾಕ್ಷಸ ವೇಷಕ್ಕಾದರೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಮುಖದ ಮೇಲೆ ಉಬ್ಬಿದ ಬಿಳಿ ಚುಕ್ಕೆಗಳ ಚುಟ್ಟಿ ಇಡುತ್ತಾರೆ, ಅದಕ್ಕೇ ಗಂಟೆಗಟ್ಟಲೆ ಬೇಕು.

ಎಣ್ಣೆಯ ಬಣ್ಣಕ್ಕೆ ನೀರು ಸೇರುವುದಿಲ್ಲ. ಬೆವರು ಮೇಲೆ ಬಂದು ಮಣಿಯಾಗಿ ನಿಲ್ಲುತ್ತದೆ, ಒತ್ತಿ ತೆಗೆದರೆ ಆಯಿತು. ಪೌಡರ್ ಎಣ್ಣೆಯ ಮೇಲ್ಪದರವನ್ನು ಗಟ್ಟಿ ಮಾಡುತ್ತದೆ. ಪ್ರವೇಶದ ನಡುವೆ ಚೌಕಿಗೆ ಬಂದಾಗ ಕನ್ನಡಿ ನೋಡಿ ತಿದ್ದಿಕೊಳ್ಳುತ್ತಾರೆ, ಅದು ಪ್ರೇಕ್ಷಕರಿಗೆ ಗೊತ್ತಾಗುವುದೇ ಇಲ್ಲ. ಮತ್ತೆ, ಆ ಮುಖವನ್ನು ನಾವು ನೋಡುವುದು ದೂರದಿಂದ. ಮದುಮಗಳ ಮುಖವನ್ನು ಕ್ಯಾಮೆರಾ ಒಂದು ಮೊಳದ ದೂರದಿಂದ ನೋಡುತ್ತದೆ. ಅಷ್ಟು ದಪ್ಪ ಪದರ ಅಲ್ಲಿ ಚರ್ಮದಂತೆ ಕಾಣುವುದಿಲ್ಲ.

ಅವರಿಂದ ಕಲಿಯಬೇಕಾದದ್ದು ಇದೆ: ಪದರ ಹಚ್ಚುವುದು, ಪೌಡರ್ ತಟ್ಟುವುದು, ಒರೆಸದೆ ಒತ್ತುವುದು. ಬಣ್ಣದ ಹುಡಿಗಳನ್ನು ಮಾತ್ರ ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಹಳೆಯ ಕಾಲದ ಬಣ್ಣಗಳಾದ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ.

ಕಾಡಿಗೆ ಹರಡಿ ಕಣ್ಣಿನ ಕೆಳಗೆ ಕಪ್ಪಾಗುತ್ತದೆ. ಏನು ಮಾಡಲಿ?

ಮನೆಯಲ್ಲಿ ಹರಳೆಣ್ಣೆ ದೀಪದ ಮಸಿಗೆ ತುಪ್ಪ ಸೇರಿಸಿ ಮಾಡಿದ ಕಾಡಿಗೆ ಯಾವತ್ತೂ ಹರಡುತ್ತದೆ. ಅದು ಪೂರ್ತಿ ಜಿಡ್ಡು, ಸೆಕೆಗೆ ಕರಗಲೇಬೇಕು. ಮಗುವಿನ ದೃಷ್ಟಿಬೊಟ್ಟಿಗೆ ಇರಲಿ, ಮದುವೆಯ ದಿನಕ್ಕೆ ಬೇಡ. ವಾಟರ್‌ಪ್ರೂಫ್ ಜೆಲ್ ಪೆನ್ಸಿಲ್ ತೆಗೆದುಕೊಳ್ಳಿ. ಹಚ್ಚುವ ಮೊದಲು ಕೆಳಗಿನ ರೆಪ್ಪೆಯ ಅಂಚನ್ನು ಇಯರ್‌ಬಡ್‌ನಿಂದ ಒರೆಸಿ, ಕಣ್ಣಿನ ಕೆಳಗೆ ಚೂರು ಪೌಡರ್ ಒತ್ತಿ. ಗೆರೆ ಎಳೆದ ಮೇಲೆ ಅರ್ಧ ನಿಮಿಷ ಕಣ್ಣು ಪಿಳಿಪಿಳಿ ಮಾಡದೆ ಇರಿ. ಅದರ ಮೇಲೆ ಅದೇ ಬಣ್ಣದ ಐಶ್ಯಾಡೋ ಹುಡಿಯನ್ನು ತೆಳ್ಳಗೆ ಒತ್ತಿದರೆ ಇನ್ನೂ ಗಟ್ಟಿ.

ಪೊಟ್ಟಣದಲ್ಲಿ ಹೆಸರಿಲ್ಲದೆ ಸಿಗುವ ಸುರ್ಮಾ ಬೇಡ. ಕೆಲವು ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಮಸ್ಕರಾ ಹರಡುವವರಿಗೆ ಟ್ಯೂಬಿಂಗ್ ಮಸ್ಕರಾ ಎಂಬುದೊಂದಿದೆ. ರೆಪ್ಪೆಕೂದಲಿಗೆ ಸಣ್ಣ ಕೊಳವೆಯಂತೆ ಸುತ್ತಿಕೊಳ್ಳುತ್ತದೆ, ಜಿಡ್ಡಿಗೆ ಕರಗುವುದಿಲ್ಲ, ಬಿಸಿನೀರಿಗೆ ಸುಲಭವಾಗಿ ಬಿಡುತ್ತದೆ. ಯಾವ ಮಸ್ಕರಾ ಆದರೂ ತೆರೆದು ಮೂರು ತಿಂಗಳಾದ ಮೇಲೆ ಬಿಸಾಡಿ.

ಕುಂಕುಮ ಮೂಗಿನವರೆಗೆ ಇಳಿಯದಂತೆ?

ಅಜ್ಜಿಯಂದಿರ ಕುಂಕುಮದ ಭರಣಿಯ ಜೊತೆ ಮೇಣದ ಡಬ್ಬಿ ಇರುತ್ತಿತ್ತು, ನೆನಪಿದೆಯಾ? ಮೊದಲು ಮೇಣದ ಬೊಟ್ಟು, ಅದರ ಮೇಲೆ ಕುಂಕುಮದ ಹುಡಿ. ಪ್ರೈಮರ್ ಎಂದು ನಾವೀಗ ದುಡ್ಡು ಕೊಟ್ಟು ತರುವುದು ಅದನ್ನೇ. ಇವತ್ತಿಗೂ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಮೇಣ ಸಿಗದಿದ್ದರೆ ವಾಟರ್‌ಪ್ರೂಫ್ ಲಿಪ್ ಪೆನ್ಸಿಲ್‌ನಲ್ಲಿ ಬೊಟ್ಟು ಬರೆದು ಮೇಲೆ ಹುಡಿ ಒತ್ತಿ. ಅಂಟಿಸುವ ಬಿಂದಿಯಿಂದ ಹಣೆ ತುರಿಸಿದರೆ ಅಥವಾ ಅಲ್ಲಿ ಬಿಳಿ ಕಲೆ ಕಂಡರೆ ಕೂಡಲೇ ನಿಲ್ಲಿಸಿ. ಅದು ಅಂಟಿನ ತೊಂದರೆ.

ಮೇ ತಿಂಗಳ ಮದುವೆ. ಮುಹೂರ್ತ ಹನ್ನೆರಡಕ್ಕೆ. ಎಷ್ಟು ಗಂಟೆಗೆ ಶುರು ಮಾಡಬೇಕು?

ಬೆಳಗಿನ ಐದಕ್ಕೇ ಕೂರಿಸಿಬಿಡುವ ಮನೆಗಳಿವೆ. ಆಮೇಲೆ ಏಳು ಗಂಟೆ ಕಾಲ ಆ ಮೇಕಪ್ ಸುಮ್ನೆ ಕಾಯಬೇಕು. ಬೆಳಗಿನ ಶಾಸ್ತ್ರಗಳಿಗೆ ತೆಳ್ಳಗೆ ಮಾಡಿ, ದಿಬ್ಬಣ ಹಾಲ್‌ಗೆ ಮುಟ್ಟಿದ ಮೇಲೆ ಮುಖ್ಯ ಮೇಕಪ್ ಮಾಡಿಸಿ. ಒಂಬತ್ತಕ್ಕೆ ಕೂತರೆ ಸಾಕು. ಮನೆಯವರು ಗಡಿಬಿಡಿ ಮಾಡುತ್ತಾರೆ, ಅವರಿಗೆ ಮೊದಲೇ ಹೇಳಿಡಿ. ಡ್ರೆಸ್ಸಿಂಗ್ ಕೋಣೆಯಲ್ಲಿ ಎಸಿ ಇಲ್ಲದಿದ್ದರೆ ಎರಡು ಟೇಬಲ್ ಫ್ಯಾನ್ ಕೇಳಿ ಪಡೆಯಿರಿ. ಹತ್ತು ಜನ ನೆಂಟರು ಒಳಗೆ ಸೇರಿದರೆ ಎಸಿ ಇದ್ದೂ ಇಲ್ಲದ ಹಾಗೆ. ಬಾಗಿಲಿಗೆ ಒಬ್ಬ ಖಡಕ್ ಅತ್ತಿಗೆಯನ್ನು ನಿಲ್ಲಿಸಿ.

ಸೀರೆ ಉಡಿಸಿ, ತಲೆಕೂದಲು ಮುಗಿಸಿ, ಆಮೇಲೆ ಮುಖಕ್ಕೆ ಬನ್ನಿ. ಸೀರೆ ಉಡುವಾಗಲೇ ಹೆಚ್ಚು ಬೆವರುವುದು. ಮಲ್ಲಿಗೆಗೆ ನೀರು ಚಿಮುಕಿಸಿದ್ದರೆ ಚೆನ್ನಾಗಿ ಕೊಡವಿ ಮುಡಿಸಿ. ಕುತ್ತಿಗೆಗೆ ಫೌಂಡೇಶನ್ ಬಳಿಯಬೇಡಿ, ಕರಿಮಣಿಯಲ್ಲೂ ರವಿಕೆಯಲ್ಲೂ ಅದೇ ಇರುತ್ತದೆ. ಮುಖದ ಬಣ್ಣವನ್ನು ಕುತ್ತಿಗೆಗೆ ಹೊಂದುವಂತೆ ಆರಿಸಿದರೆ ಆ ಕಷ್ಟವೇ ಇಲ್ಲ.

ಹೋಮದ ಹೊಗೆಗೆ ಕಣ್ಣೀರು ಬಂದೇ ಬರುತ್ತದೆ. ಟಿಶ್ಯೂನ ತುದಿಯನ್ನು ಕಣ್ಣಿನ ಮೂಲೆಗೆ ತಾಗಿಸಿ ಹೀರಿಸಿ. ಬೈರಾಸಿನಿಂದ ಮುಖ ಒರೆಸುವ ಅಮ್ಮಂದಿರಿಂದ ಮದುಮಗಳನ್ನು ಕಾಪಾಡುವುದು ಅವಳ ಗೆಳತಿಯ ಕೆಲಸ. ಆ ಗೆಳತಿಯ ಬ್ಯಾಗಿನಲ್ಲಿ ಟಿಶ್ಯೂ, ಜಿಡ್ಡು ಹೀರುವ ಕಾಗದ, ಸಣ್ಣ ಪೌಡರ್, ಲಿಪ್‌ಸ್ಟಿಕ್ ಇರಲಿ. ಯಾವಾಗಲೂ ಮೊದಲು ಒತ್ತಿ ಬೆವರು ತೆಗೆದು, ಆಮೇಲೆ ಪೌಡರ್. ಬೆವರಿನ ಮೇಲೇ ಪೌಡರ್ ಹಾಕಿದರೆ ಗಂಟು ಗಂಟಾಗುತ್ತದೆ.

ಮದುಮಗಳು ಉಪವಾಸ ಇದ್ದರೆ, ಮುಹೂರ್ತದ ಮೊದಲು ಕುಡಿಯಲು ಅಡ್ಡಿ ಇಲ್ಲದಿದ್ದರೆ ಒಂದು ಬೊಂಡ ಕೊಡಿ, ಸ್ಟ್ರಾ ಹಾಕಿ. ಭಾರದ ಸೀರೆ, ಒಡವೆ, ಸೆಕೆ, ಖಾಲಿ ಹೊಟ್ಟೆ ಎಲ್ಲ ಸೇರಿ ತಲೆ ತಿರುಗಿದರೆ ಯಾವ ಮೇಕಪ್ಪೂ ಲೆಕ್ಕಕ್ಕಿಲ್ಲ.

ಮದುಮಗನಿಗೂ ಇದೇ ಕ್ರಮ: ತಣಿಸಿ, ಒತ್ತಿ, ಚೂರು ಪೌಡರ್. ಅವನು ಬೇಡ ಎನ್ನುತ್ತಾನೆ, ಫೋಟೋ ಬಂದ ಮೇಲೆ ಕೇಳುತ್ತಾನೆ.

ಊಟ ಆದ ಮೇಲೂ ಲಿಪ್‌ಸ್ಟಿಕ್ ಉಳಿಯಬೇಕು.

ಬಾಳೆ ಎಲೆಯ ಊಟದಲ್ಲಿ ತುಪ್ಪ, ತೆಂಗಿನೆಣ್ಣೆಯ ಒಗ್ಗರಣೆ ಎರಡೂ ಇರುತ್ತವೆ. ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ತುಟಿಯ ಮಧ್ಯದಿಂದ ಮೊದಲು ಹೋಗುತ್ತದೆ. ಲಿಪ್ ಪೆನ್ಸಿಲ್‌ನಿಂದ ಇಡೀ ತುಟಿ ತುಂಬಿ ಮೇಲೆ ಲಿಪ್‌ಸ್ಟಿಕ್ ಹಚ್ಚಿ, ಟಿಶ್ಯೂ ಇಟ್ಟು ಅದರ ಮೇಲೆ ಪೌಡರ್ ಸವರಿ. ಆಗ ಮಧ್ಯದ್ದು ಹೋದರೂ ಕೆಳಗಿನ ಬಣ್ಣ ಇರುತ್ತದೆ. ಸಾರು ಬಿಸಿ, ಖಾರ ಇದ್ದರೆ ಹಣೆ ಬೆವರುವುದು ಸಹಜ. ಆರಾಮವಾಗಿ ಉಣ್ಣಿ, ಆಮೇಲೆ ಹಚ್ಚಿಕೊಂಡರಾಯಿತು.

ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗುವವಳು ನಾನು. ಇಷ್ಟೆಲ್ಲ ಮಾಡಲು ಆಗುವುದಿಲ್ಲ.

ಮಾಡಲೂ ಬೇಡಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಬಸ್ಸಿನಲ್ಲಿ ನಿಂತುಕೊಂಡು ಹೋದರೆ ಯಾವ ಫೌಂಡೇಶನ್ ಉಳಿದೀತು? ಮನೆಯಲ್ಲಿ ಸನ್‌ಸ್ಕ್ರೀನ್ ಮಾತ್ರ ಹಚ್ಚಿ ಹೊರಡಿ. ಆಫೀಸಿಗೆ ಮುಟ್ಟಿ, ಮುಖ ಒತ್ತಿ, ಐದು ನಿಮಿಷ ಫ್ಯಾನಿಗೆ ಕೂತು, ಕಾಂಪ್ಯಾಕ್ಟ್ (ಡಬ್ಬಿಯ ಗಟ್ಟಿ ಪೌಡರ್) ಮತ್ತು ಕಾಡಿಗೆ ಹಚ್ಚಿಕೊಳ್ಳಿ. ಸ್ಕೂಟರಿನವರಿಗೆ ಹೆಲ್ಮೆಟ್ ಒಳಗೆ ತೆಳ್ಳಗಿನ ಹತ್ತಿ ಬಟ್ಟೆ ಕಟ್ಟಿಕೊಂಡರೆ ಹಣೆಯ ಬೆವರು ಅದಕ್ಕೆ ಹೋಗುತ್ತದೆ.

ಅಣ್ಣ ಗಲ್ಫ್‌ನಿಂದ ತಂದದ್ದು, ಫ್ಯಾನ್ಸಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಬಳಸಬಹುದಾ?

ಗಲ್ಫ್‌ನಿಂದ ಬಂದದ್ದು ಒಳ್ಳೆಯ ಕಂಪನಿಯದೇ ಇರಬಹುದು. ಆದರೆ ಅಲ್ಲಿ ಮನೆ, ಕಾರು, ಆಫೀಸು ಎಲ್ಲ ಎಸಿ. ಆ ದಪ್ಪ ಕ್ರೀಮು ಇಲ್ಲಿ ಜಾಸ್ತಿಯಾಗುತ್ತದೆ, ಅರ್ಧದಷ್ಟು ಹಚ್ಚಿ. ಡಬ್ಬಿಯ ಮೇಲೆ ಮುಚ್ಚಳ ತೆರೆದ ಭರಣಿಯ ಚಿತ್ರದೊಳಗೆ 6 ಅಥವಾ 12 ಎಂದು ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ.

ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಅಥವಾ ಆಮದು ನೋಂದಣಿ ಸಂಖ್ಯೆ ಇಲ್ಲದ್ದನ್ನು ಮುಟ್ಟಬೇಡಿ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ತಪಾಸಣೆ ಶುರು ಮಾಡಿತು, ಇಂಥ ಕೆಲವು ಕ್ರೀಮುಗಳಲ್ಲಿ ಮಿತಿ ಮೀರಿದ ಪಾದರಸ ಸಿಕ್ಕಿತು. ಬೆಳ್ಳಗಾಗುವ ಕ್ರೀಮುಗಳ ಪಾದರಸದಿಂದ ಮೂತ್ರಪಿಂಡ ಕೆಟ್ಟವರ ಸುದ್ದಿಯೂ ಮಲಪ್ಪುರಂ ಕಡೆಯಿಂದ ಬಂದಿತ್ತು. ವಾರದಲ್ಲಿ ಬೆಳ್ಳಗೆ ಮಾಡುತ್ತೇನೆ ಎನ್ನುವ ಡಬ್ಬಿ ಅಲ್ಲೇ ಇರಲಿ.

ಬೆವರುಸಾಲೆ ಎದ್ದಿದೆ. ಮೇಕಪ್ ಮಾಡಿಸಬಹುದಾ?

ಬೇಡ. ಎರಡು ಮೂರು ದಿನ ಮುಖವನ್ನು ಖಾಲಿ ಬಿಡಿ, ತಣ್ಣೀರಿನಿಂದ ತೊಳೆಯಿರಿ, ಹತ್ತಿ ಬಟ್ಟೆ ಉಡಿ. ಕಡಿಮೆಯಾಗದಿದ್ದರೆ ಡಾಕ್ಟರ್.

ರಾತ್ರಿ ಹೇಗೆ ತೆಗೆಯಬೇಕು? ಮಳೆಗಾಲದಲ್ಲಿ ಸ್ಪಂಜಿಗೆ ಬೂಸ್ಟು ಬರುತ್ತದೆ, ಅದಕ್ಕೇನು?

ತೆಂಗಿನೆಣ್ಣೆ ಬೇಕಾಗುವುದು ಇಲ್ಲಿ. ಒಣ ಮುಖಕ್ಕೆ ಸವರಿ, ಮೆಲ್ಲಗೆ ತಿಕ್ಕಿ, ಹತ್ತಿಯಿಂದ ಒರೆಸಿ. ಆಮೇಲೆ ಫೇಸ್‌ವಾಶ್‌ನಿಂದ ಎಣ್ಣೆ ಪೂರ್ತಿ ಹೋಗುವಂತೆ ತೊಳೆಯಲೇಬೇಕು, ಉಳಿದರೆ ಮೊಡವೆ. ಮೊಡವೆಯ ಚರ್ಮದವರು ಎಣ್ಣೆ ಬಿಟ್ಟು ಮೈಸೆಲ್ಲಾರ್ ವಾಟರ್ (ಮೇಕಪ್ ತೆಗೆಯುವ ನೀರಿನಂಥ ದ್ರವ) ಬಳಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏನೂ ಒಣಗುವುದಿಲ್ಲ. ಸ್ಪಂಜನ್ನು ಪ್ರತಿ ಸಲ ಸೋಪಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ತೂಗುಹಾಕಿ. ಒದ್ದೆಯಾಗಿಯೇ ಡಬ್ಬಿಗೆ ಹಾಕಬೇಡಿ. ಒಳಗೆ ಕಪ್ಪು ಚುಕ್ಕೆ ಕಂಡರೆ ಬಿಸಾಡಿ, ತೊಳೆದರೆ ಹೋಗುವುದಿಲ್ಲ. ಬ್ರಷ್‌ಗಳನ್ನು ಕೂದಲು ಕೆಳಗಾಗಿ ಒಣಗಿಸಿ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಮೇಕಪ್ ಪೆಟ್ಟಿಗೆಗೆ ಹಾಕಿಡಿ, ಮಕ್ಕಳ ಕೈಗೆ ಸಿಗದ ಹಾಗೆ. ಕಾಂಪ್ಯಾಕ್ಟಿಗೆ ಮುಗ್ಗಲು ವಾಸನೆ ಬಂದರೆ ಅದನ್ನು ಮುಖಕ್ಕೆ ತಾಗಿಸಬೇಡಿ.